ಮೆಮ್‌ಟೆಸ್ಟ್86 ಪ್ಲಸ್: ಮೂರು ವರ್ಷ ಬಳಸಿದ ಮೇಲೆ

ಗೇಮ್ ಕ್ರ್ಯಾಶ್ ಆಗುವುದು ದಿನಾ ಒಂದೇ ಜಾಗದಲ್ಲಿ ಆದರೆ ಹುಡುಕುವುದು ಸುಲಭ. ನನ್ನದು ಹಾಗಿರಲಿಲ್ಲ. ಒಂದು ದಿನ ಹತ್ತೇ ನಿಮಿಷಕ್ಕೆ ಆಟ ಮಾಯವಾಗಿ ಡೆಸ್ಕ್‌ಟಾಪ್ ಬಂದು ನಿಲ್ಲುತ್ತಿತ್ತು. ಇನ್ನೊಂದು ದಿನ ಮೂರು ಗಂಟೆ ಆಡಿದರೂ ಏನೂ ಆಗುತ್ತಿರಲಿಲ್ಲ. ನಾಲ್ಕು ತಿಂಗಳು ಇದೇ ಕಥೆ. ಗ್ರಾಫಿಕ್ಸ್ ಡ್ರೈವರ್ ಮೂರು ಸಲ ಬದಲಾಯಿಸಿದೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ಕೊನೆಗೆ ಗ್ರಾಫಿಕ್ಸ್ ಕಾರ್ಡೇ ಹೋಗಿದೆ ಅಂದುಕೊಂಡು ಹೊಸದು ಕೊಳ್ಳಲು ಹೊರಟಿದ್ದೆ. ಆಗ ಗೆಳೆಯನೊಬ್ಬ ತಡೆದು, 'ಮೊದಲು ರ‍್ಯಾಮ್ ಪರೀಕ್ಷೆ ಮಾಡು' ಎಂದು ಒಂದು ಪೆನ್‌ಡ್ರೈವ್ ಕೈಗೆ ಕೊಟ್ಟ. ಅದರಲ್ಲಿದ್ದದ್ದು ಮೆಮ್‌ಟೆಸ್ಟ್86 ಪ್ಲಸ್, ಕಂಪ್ಯೂಟರಿನ ಮೆಮೊರಿ (ರ‍್ಯಾಮ್) ಪರೀಕ್ಷಿಸುವ ಪ್ರೋಗ್ರಾಂ. ಅಂದಿನಿಂದ ಇವತ್ತಿನವರೆಗೆ ನನ್ನ ಎರಡು ಕಂಪ್ಯೂಟರ್, ಗೆಳೆಯರ ಐದಾರು ಕಂಪ್ಯೂಟರ್‌ಗಳಲ್ಲಿ ಇದನ್ನು ಓಡಿಸಿದ್ದೇನೆ.

ಮೊದಲು ಹೆಸರಿನ ಗೊಂದಲ. ಮೆಮ್‌ಟೆಸ್ಟ್86 ಮತ್ತು ಮೆಮ್‌ಟೆಸ್ಟ್86 ಪ್ಲಸ್ ಬೇರೆ ಬೇರೆ. ಮೂಲ ಒಂದೇ ಆದರೂ ಈಗ ದಾರಿ ಬೇರೆಯಾಗಿದೆ. ಮೊದಲನೆಯದು ಪಾಸ್‌ಮಾರ್ಕ್ ಕಂಪನಿಯದು. ಅದರ ಉಚಿತ ಆವೃತ್ತಿ ನಾಲ್ಕು ಸುತ್ತಿಗೆ (ಎಲ್ಲ ಪರೀಕ್ಷೆ ಒಮ್ಮೆ ಮುಗಿದರೆ ಒಂದು ಸುತ್ತು) ನಿಲ್ಲುತ್ತದೆ. ಪ್ಲಸ್ ಪೂರ್ತಿ ಉಚಿತ, ಓಪನ್ ಸೋರ್ಸ್, ನೀವು ನಿಲ್ಲಿಸುವವರೆಗೂ ಓಡುತ್ತದೆ. ಪ್ಲಸ್‌ನ ಹಳೆಯ 5ನೇ ಆವೃತ್ತಿ ಯುಇಎಫ್ಐ (ಕಂಪ್ಯೂಟರ್ ಶುರು ಮಾಡುವ ಹೊಸ ವ್ಯವಸ್ಥೆ) ಮಾತ್ರ ಇರುವ ಮದರ್‌ಬೋರ್ಡ್‌ಗಳಲ್ಲಿ ಬೂಟ್ ಆಗುತ್ತಿರಲಿಲ್ಲ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಆ ತೊಂದರೆ ಇಲ್ಲ. ಹಳೆಯ ಸಿಡಿಯಲ್ಲಿ ಸಿಕ್ಕಿದ್ದನ್ನು ಬಳಸಬೇಡಿ, ಹೊಸದನ್ನೇ ಇಳಿಸಿಕೊಳ್ಳಿ.

ಇದು ವಿಂಡೋಸ್ ಒಳಗೆ ಓಡುವ ಪ್ರೋಗ್ರಾಂ ಅಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು. ವಿಂಡೋಸ್ ಓಡುತ್ತಿದ್ದರೆ ಅದೇ ಒಂದಷ್ಟು ಮೆಮೊರಿ ಹಿಡಿದುಕೊಂಡಿರುತ್ತದೆ, ಆ ಭಾಗವನ್ನು ಮುಟ್ಟಲು ಆಗುವುದಿಲ್ಲ. ಇಲ್ಲಿ ಹೆಚ್ಚುಕಡಿಮೆ ಇಡೀ ರ‍್ಯಾಮ್ ಪರೀಕ್ಷೆಗೆ ಸಿಗುತ್ತದೆ. ನನ್ನ ಬೋರ್ಡಿನಲ್ಲಿ ಸೆಕ್ಯೂರ್ ಬೂಟ್ (ಒಪ್ಪಿಗೆ ಇಲ್ಲದ ಪ್ರೋಗ್ರಾಂನಿಂದ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಆಫ್ ಮಾಡಬೇಕಾಯಿತು. ಒಂದು ಎಚ್ಚರಿಕೆ: ನಿಮ್ಮ ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಸೆಕ್ಯೂರ್ ಬೂಟ್ ಬದಲಾಯಿಸಿದ ಮೇಲೆ ವಿಂಡೋಸ್ ಅದನ್ನು ಕೇಳಬಹುದು. ಗೆಳತಿಯೊಬ್ಬಳ ಕಂಪ್ಯೂಟರಿನಲ್ಲಿ ಹೀಗೇ ಆಗಿ, ಕೀ ಹುಡುಕುವುದರಲ್ಲೇ ಒಂದು ಸಂಜೆ ಹೋಯಿತು.

ನನ್ನ ಮಷೀನ್‌ನಲ್ಲಿ 16 ಜಿಬಿಯ ಎರಡು ರ‍್ಯಾಮ್ ಸ್ಟಿಕ್ ಇದ್ದವು. ಮೊದಲ ಸುತ್ತು ಸ್ವಚ್ಛವಾಗಿ ಮುಗಿಯಿತು. ದೊಡ್ಡದಾಗಿ ಪಾಸ್ ಎಂದು ಬಂತು. ಅಲ್ಲಿಗೇ ನಿಲ್ಲಿಸಬೇಕು ಅನ್ನಿಸಿತ್ತು. ಯಾಕೋ ಬಿಟ್ಟು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಪರದೆಯಲ್ಲಿ ಕೆಂಪು ಸಾಲುಗಳು. ಮೂರನೇ ಸುತ್ತಿನಲ್ಲಿ ತಪ್ಪು ಸಿಕ್ಕಿತ್ತು. ಅದೂ ಪ್ರತಿ ಸಲ ಒಂದೇ ಬಿಟ್ (ಮೆಮೊರಿಯ ಒಂದು 0 ಅಥವಾ 1). ನಾಲ್ಕು ತಿಂಗಳ ಒದ್ದಾಟಕ್ಕೆ ಕಾರಣ ಕಣ್ಣೆದುರು ಇತ್ತು.

ಆಮೇಲೆ ಒಂದು ಸ್ಟಿಕ್ ತೆಗೆದು ಇನ್ನೊಂದನ್ನು ಒಂಟಿಯಾಗಿ ಓಡಿಸಿದೆ. ಅದು ಸರಿ ಇತ್ತು. ಮೊದಲನೆಯದನ್ನು ಅದೇ ಸ್ಲಾಟ್‌ಗೆ ಹಾಕಿದೆ, ಮತ್ತೆ ಕೆಂಪು. ಸ್ಲಾಟ್ ಒಂದೇ ಆದ್ದರಿಂದ ದೋಷ ಸ್ಟಿಕ್‌ನದೇ ಅಂತ ಖಾತ್ರಿಯಾಯಿತು. ಈ ಹೆಜ್ಜೆ ಬಿಡಬೇಡಿ. ಸ್ಲಾಟ್ ಕೆಟ್ಟಿದ್ದರೂ, ಸ್ಟಿಕ್ ಸರಿಯಾಗಿ ಕೂತಿರದಿದ್ದರೂ ಪರದೆ ಮೇಲೆ ಕಾಣುವುದು ಅದೇ ಕೆಂಪು ಸಾಲು. ವಾರಂಟಿಯಲ್ಲಿ ಬದಲಾಯಿಸಿ ಕೊಟ್ಟರು. ಜೋಡಿಯಾಗಿ ಮಾರಿದ್ದರಿಂದ ಎರಡೂ ಸ್ಟಿಕ್ ಕಳಿಸಲು ಹೇಳಿದರು, ಸುಮಾರು ಮೂರು ವಾರ ಕಂಪ್ಯೂಟರ್ ಇಲ್ಲದೆ ಕಳೆದೆ.

ಈಗ ಹಿಂದಕ್ಕೆ ನೋಡಿದರೆ ಸುಳಿವು ಮೊದಲೇ ಇತ್ತು. ಗೇಮ್ ಫೈಲ್‌ಗಳನ್ನು ವೆರಿಫೈ ಮಾಡಿದಾಗೆಲ್ಲ ಕೆಟ್ಟ ಫೈಲ್ ಸಿಗುತ್ತಿತ್ತು, ಆದರೆ ಪ್ರತಿ ಸಲ ಬೇರೆ ಬೇರೆ ಫೈಲ್. ಡಿಸ್ಕ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಫೈಲ್ ಮತ್ತೆ ಮತ್ತೆ ಸಿಗುತ್ತದೆ. ಬೇರೆ ಬೇರೆ ಫೈಲ್ ಅಂದರೆ, ಓದುವಾಗ ನಡುವೆ ಎಲ್ಲೋ ಬಿಟ್ ತಿರುಗುತ್ತಿದೆ ಅಂತ ಅನುಮಾನ ಬರಬೇಕು. ಕ್ರ್ಯಾಶ್ ಆಗುತ್ತಿದ್ದದ್ದೂ ಒಂದೇ ಗೇಮ್ ಅಲ್ಲ. ಬ್ರೌಸರ್ ಟ್ಯಾಬ್ ಕೂಡ ಆಗಾಗ ಸಾಯುತ್ತಿತ್ತು. ಇದನ್ನೆಲ್ಲ ಒಟ್ಟಿಗೆ ಇಟ್ಟು ಯೋಚಿಸಿದ್ದರೆ ವಿಂಡೋಸ್ ಅಳಿಸುವ ಕೆಲಸ ಉಳಿಯುತ್ತಿತ್ತು.

ಮೂರು ವರ್ಷದಲ್ಲಿ ನಾನು ಕಂಡುಕೊಂಡ ಮುಖ್ಯ ವಿಷಯ ಇದು: ಒಂದೇ ಒಂದು ಕೆಂಪು ಸಾಲು ಬಂದರೂ ಮೆಮೊರಿ ಕಡೆ ತೊಂದರೆ ಇದೆ ಅಂತ ನಂಬಿ. 'ಒಂದೇ ತಪ್ಪು ತಾನೆ' ಅಂತ ಬಿಡಬೇಡಿ. ಆದರೆ ಪಾಸ್ ಬಂದರೆ ಕಂಪ್ಯೂಟರ್ ಸರಿಯಿದೆ ಅಂತ ನಂಬಬೇಡಿ.

ಕೆಂಪು ಬಂದ ತಕ್ಷಣ ಸ್ಟಿಕ್ ಎಸೆಯುವುದೂ ತಪ್ಪು. ಒಬ್ಬ ಗೆಳೆಯನ ಹತ್ತಿರ ನಾಲ್ಕು ಸ್ಟಿಕ್ ಡಿಡಿಆರ್4 ಇದ್ದವು, ಎಕ್ಸ್‌ಎಂಪಿ (ರ‍್ಯಾಮನ್ನು ಡಬ್ಬಿ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ 3600ರ ವೇಗದಲ್ಲಿ ಓಡಿಸುತ್ತಿದ್ದ. ನೂರಾರು ತಪ್ಪು ಬಂತು. ಎಕ್ಸ್‌ಎಂಪಿ ಆಫ್ ಮಾಡಿದೆವು, ರಾತ್ರಿಯಿಡೀ ಒಂದೂ ತಪ್ಪಿಲ್ಲ. ಡಬ್ಬಿ ಮೇಲೆ ಬರೆದ ವೇಗ ಎಷ್ಟೋ ಸಲ ಓವರ್‌ಕ್ಲಾಕ್ (ಮಾಮೂಲಿಗಿಂತ ಏರಿಸಿದ) ವೇಗವೇ ಆಗಿರುತ್ತದೆ. ನಾಲ್ಕು ಸ್ಟಿಕ್ ತುಂಬಿದಾಗ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಜಾಸ್ತಿ. ಅವನು 3200ಕ್ಕೆ ಇಳಿಸಿದ, ಹೊಸದಾಗಿ ಏನೂ ಕೊಳ್ಳಲಿಲ್ಲ. ಆಟದಲ್ಲಿ ವ್ಯತ್ಯಾಸ ಅವನ ಕಣ್ಣಿಗೆ ಬಿದ್ದೇ ಇಲ್ಲ. ಹಾಗಾಗಿ ಮೊದಲ ಪರೀಕ್ಷೆ ನೀವು ದಿನಾ ಬಳಸುವ ಸೆಟ್ಟಿಂಗ್‌ನಲ್ಲಿ ಮಾಡಿ, ತಪ್ಪು ಬಂದರೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಎಎಂಡಿ ಬೋರ್ಡ್‌ಗಳಲ್ಲಿ ಅದರಂಥದೇ ಸೆಟ್ಟಿಂಗ್) ಆಫ್ ಮಾಡಿ ಇನ್ನೊಮ್ಮೆ.

ಇನ್ನು ಇದು ಕೈ ಕೊಟ್ಟ ಸಲ. ಎರಡನೇ ವರ್ಷ ನನ್ನ ಮಷೀನ್ ಗೇಮ್ ಮಧ್ಯೆ ಫಕ್ಕನೆ ಆಫ್ ಆಗಿ ತಾನೇ ರೀಸ್ಟಾರ್ಟ್ ಆಗತೊಡಗಿತು. ನೀಲಿ ಪರದೆ ಇಲ್ಲ, ಸಂದೇಶ ಇಲ್ಲ. ಅಭ್ಯಾಸದಂತೆ ಮೆಮ್‌ಟೆಸ್ಟ್ ಓಡಿಸಿದೆ. ಎಂಟು ಸುತ್ತು, ಒಂದೂ ತಪ್ಪಿಲ್ಲ. ಎರಡು ರಾತ್ರಿ ಸುಮ್ನೆ ಹೋದವು. ಈ ಪರೀಕ್ಷೆ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್ ನಿದ್ದೆಯಲ್ಲಿರುತ್ತದೆ, ಪವರ್ ಸಪ್ಲೈ ಮೇಲೆ ಗೇಮ್‌ನಷ್ಟು ಭಾರ ಬೀಳುವುದೇ ಇಲ್ಲ. ಇವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್‌ನ ದಾಖಲೆ ನೋಡುವ ಜಾಗ) ಕರ್ನಲ್-ಪವರ್ 41 ಎಂಬ ಸಾಲು ಮಾತ್ರ ಇತ್ತು. ಮಷೀನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಎಂದಷ್ಟೇ ಅದರ ಅರ್ಥ, ಕಾರಣ ಅದು ಹೇಳುವುದಿಲ್ಲ. ಕಂಪ್ಯೂಟರ್ ಮೇಲೆ ಭಾರ ಹಾಕಿ ನೋಡುವ ಒಸಿಸಿಟಿ ಪ್ರೋಗ್ರಾಂನಲ್ಲಿ ಪವರ್ ಪರೀಕ್ಷೆ ಹಾಕಿದಾಗ ಒಂದೇ ನಿಮಿಷಕ್ಕೆ ಆಫ್ ಆಯಿತು. ನೋಡಿದರೆ ಗ್ರಾಫಿಕ್ಸ್ ಕಾರ್ಡಿನ ಎರಡು ಸಾಕೆಟ್‌ಗೂ ಒಂದೇ ಕೇಬಲ್‌ನ ಎರಡು ತುದಿ ಹಾಕಿದ್ದೆ. ಎರಡು ಪ್ರತ್ಯೇಕ ಕೇಬಲ್ ಎಳೆದ ಮೇಲೆ ಇವತ್ತಿನವರೆಗೆ ಒಮ್ಮೆಯೂ ಆಫ್ ಆಗಿಲ್ಲ.

ಅಲ್ಲಿಂದ ಮುಂದೆ ಕ್ರ್ಯಾಶ್ ಹೇಗೆ ಆಗುತ್ತದೆ ಅಂತ ಮೊದಲು ನೋಡುತ್ತೇನೆ. ದಿಢೀರ್ ಆಫ್ ಆದರೆ ಪವರ್ ಸಪ್ಲೈ ಅಥವಾ ಬಿಸಿ. ಪರದೆ ಕಪ್ಪಾಗಿ ವಾಪಸ್ ಬಂದು 'ಡಿಸ್‌ಪ್ಲೇ ಡ್ರೈವರ್' ಬಗ್ಗೆ ಲಾಗ್ ಇದ್ದರೆ ಗ್ರಾಫಿಕ್ಸ್ ಕಡೆ. ಡಬ್ಲ್ಯೂಎಚ್‌ಇಎ-ಲಾಗರ್ (ವಿಂಡೋಸ್‌ನ ಹಾರ್ಡ್‌ವೇರ್ ದೋಷದ ದಾಖಲೆ) ಸಾಲು ಇದ್ದರೆ ಪ್ರೊಸೆಸರ್ ಅಥವಾ ಅದರ ವೋಲ್ಟೇಜ್ ಕಡೆಗೆ ಮೊದಲ ಅನುಮಾನ. ದಿನಕ್ಕೊಂದು ತರದ ನೀಲಿ ಪರದೆ, ಬೇರೆ ಬೇರೆ ಗೇಮ್, ಬೇರೆ ಬೇರೆ ಸಂದೇಶ ಇದ್ದರೆ ಮಾತ್ರ ಪೆನ್‌ಡ್ರೈವ್ ಹೊರಗೆ ಬರುತ್ತದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರಿಗೆ ಒಂದು ಮಾತು. ಬೇಕಾದಷ್ಟು ವಿಡಿಯೋ ಮೆಮೊರಿ ಇದ್ದರೂ 'ವಿಡಿಯೋ ಮೆಮೊರಿ ಸಾಲದು' ಅಂತ ಗೇಮ್ ಹೇಳಿದರೆ, ಅದೂ ಶೇಡರ್ (ಗ್ರಾಫಿಕ್ಸ್ ಬಿಡಿಸುವ ಚಿಕ್ಕ ಪ್ರೋಗ್ರಾಂಗಳು) ಕಂಪೈಲ್ ಆಗುವಾಗ, ಅನುಮಾನ ಪ್ರೊಸೆಸರ್ ಮೇಲಿರಲಿ. ಈ ಪ್ರೊಸೆಸರ್‌ಗಳ ವೋಲ್ಟೇಜ್ ತೊಂದರೆಗೆ 2024ರ ಆಗಸ್ಟ್‌ನಿಂದ ಬಯೋಸ್ (ಮದರ್‌ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ಗಳು ಬಂದವು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಅದಾಗಲೇ ಹಾಳಾದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ, ಬದಲಾಯಿಸಿಕೊಳ್ಳಲೇಬೇಕು.

ಪ್ಲಸ್ ಬಗ್ಗೆ ನನ್ನ ದೂರು ಎರಡು. ಫಲಿತಾಂಶ ಫೈಲ್ ಆಗಿ ಉಳಿಯುವುದಿಲ್ಲ, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಬೇಕು. ವಾರಂಟಿಗೆ ಆ ಫೋಟೋನೇ ಸಾಕ್ಷಿ, ಮರೆಯಬೇಡಿ. ಇನ್ನೊಂದು, ಒಂದು ಹಳೆಯ ಬೋರ್ಡಿನಲ್ಲಿ ಯುಎಸ್‌ಬಿ ಕೀಬೋರ್ಡ್‌ಗೆ ಅದು ಸ್ಪಂದಿಸಲೇ ಇಲ್ಲ. ಪರೀಕ್ಷೆ ಮಾತ್ರ ತಾನಾಗಿ ಶುರುವಾಯಿತು, ಕೆಲಸ ನಡೆಯಿತು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಕೆಟ್ಟ ಸ್ಟಿಕ್ ಹಿಡಿದ ಮೇಲೆ ಇನ್ನೊಂದು ಕೆಲಸ ಇದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಆ ನಾಲ್ಕು ತಿಂಗಳು ನಾನು ನಕಲು ಮಾಡಿದ ಪ್ರತಿ ಫೈಲೂ ಅದೇ ರ‍್ಯಾಮ್ ದಾಟಿ ಹೋಗಿತ್ತು. ಗೇಮ್ ಆದರೆ ಮತ್ತೆ ಇಳಿಸಿಕೊಳ್ಳಬಹುದು. ಫೋಟೋಗಳ ಬ್ಯಾಕಪ್ ತೆರೆದು ನೋಡಿದಾಗ ಎರಡು ಜಿಪ್ ಫೈಲ್ ಕೆಟ್ಟಿದ್ದವು. ಒಂದರ ಮೂಲ ಹಳೆಯ ಡಿಸ್ಕ್‌ನಲ್ಲಿ ಸಿಕ್ಕಿತು. ಇನ್ನೊಂದು ಸಿಗಲಿಲ್ಲ. ಈಗ ಹೊಸ ರ‍್ಯಾಮ್ ಹಾಕಿದ ದಿನ, ಒಂದು ಫೈಲನ್ನೂ ಮುಟ್ಟುವ ಮೊದಲು, ರಾತ್ರಿಯಿಡೀ ಇದನ್ನು ಓಡಲು ಬಿಡುತ್ತೇನೆ.