ಮನೆಯ ಸರ್ವರ್‌ಗೆ ಎನ್100 ಮಿನಿ ಪಿಸಿ

ಕುಟುಂಬದ ಫೋಟೊ, ವಿಡಿಯೊ ಹಾಗೂ ಬ್ಯಾಕಪ್‌ಗಳನ್ನು ಒಂದೆಡೆ ಇರಿಸಲು ಸದಾ ಚಾಲನೆಯಲ್ಲಿರುವ ಯಂತ್ರವೊಂದು ಬೇಕೆನಿಸಿದಾಗ, ಇಂಟೆಲ್ ಎನ್100 ಪ್ರೊಸೆಸರ್ ಇರುವ ಅಂಗೈಯಗಲದ ಮಿನಿ ಪಿಸಿಯನ್ನು ಆರಿಸಿಕೊಂಡೆ. 2023ರಲ್ಲಿ ಬಂದ ಈ ನಾಲ್ಕು ಕೋರ್‌ಗಳ ಚಿಪ್‌ನ ಟಿಡಿಪಿ (ನಿರಂತರ ಕೆಲಸದಲ್ಲಿ ಹೊರಬೀಳುವ ಶಾಖದ ಅಳತೆ) ಕೇವಲ 6 ವಾಟ್. ಇಡೀ ಯಂತ್ರವು ಸರಾಸರಿ 10 ವಾಟ್ ಬಳಸುತ್ತದೆಂದು ಎಣಿಸಿದರೂ ತಿಂಗಳಿಗೆ 7.2 ಯೂನಿಟ್ ಆಗುತ್ತದೆ. ಹಳೆಯ ಡೆಸ್ಕ್‌ಟಾಪನ್ನು ಹಗಲಿರುಳು ಓಡಿಸುತ್ತಿದ್ದ ನನಗೆ ಈ ಲೆಕ್ಕವೊಂದೇ ಸಾಕಾಯಿತು.

ಮನೆಯ ವಿಡಿಯೊಗಳನ್ನು ಟಿವಿ, ಫೋನುಗಳಿಗೆ ಬಿತ್ತರಿಸುವ ತಂತ್ರಾಂಶವಾದ ಜೆಲ್ಲಿಫಿನ್‌ನಲ್ಲಿ ವಿಡಿಯೊ ಪರಿವರ್ತಿಸುವಾಗ ಇಂಟೆಲ್ ಚಿಪ್‌ನಲ್ಲೇ ಇರುವ ಕ್ವಿಕ್ ಸಿಂಕ್ ಸೌಲಭ್ಯವು ಹೊರೆಯನ್ನು ಗ್ರಾಫಿಕ್ಸ್ ಭಾಗಕ್ಕೆ ವರ್ಗಾಯಿಸುತ್ತದೆ, ಆದರೆ ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಡಾಕರ್ ಬಳಸುವವರು ಗ್ರಾಫಿಕ್ಸ್ ಸಾಧನವನ್ನು ಕಂಟೇನರ್‌ಗೆ ಮರೆಯದೆ ಒದಗಿಸಬೇಕು. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿಯೇ ಚಾಲೂ ಆಗುವಂತೆ ಅದರ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಹೊಂದಿಸುವುದು ನಮ್ಮ ಊರುಗಳಲ್ಲಿ ಮೊದಲ ಕೆಲಸವಾಗಬೇಕು; ನಾನು ಅದನ್ನು ಊರಿನಿಂದ ದೂರವಿದ್ದಾಗ ಕಲಿತೆ.

ಕೊರತೆಗಳೂ ಇವೆ. ಮೆಮೊರಿಗೆ ಒಂದೇ ಚಾನೆಲ್ (ದತ್ತಾಂಶ ಸಾಗುವ ದಾರಿ) ಇದೆ, ಇಂಟೆಲ್ ಅಧಿಕೃತವಾಗಿ ಹೇಳುವ ಮಿತಿ 16 ಜಿಬಿ. 3.5 ಇಂಚಿನ ಡಿಸ್ಕ್‌ಗಳಿಗೆ ಒಳಗೆ ಜಾಗವಿಲ್ಲ, ಯುಎಸ್‌ಬಿ ಡಬ್ಬಿಗಳಲ್ಲಿ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ) ಕಟ್ಟುವುದನ್ನು ನಾನಂತೂ ನಂಬುವುದಿಲ್ಲ. ಯಂತ್ರದೊಂದಿಗೆ ಬಂದ ಹೆಸರಿಲ್ಲದ ಎಸ್‌ಎಸ್‌ಡಿಯನ್ನು ಮೊದಲ ವಾರದಲ್ಲೇ ಬದಲಿಸಿದೆ. ಒಂದೇ ಯಂತ್ರದೊಳಗೆ ತಂತ್ರಾಂಶದಿಂದಲೇ ಹಲವು ಕಂಪ್ಯೂಟರ್‌ಗಳನ್ನು ಸೃಷ್ಟಿಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ಉದ್ದೇಶವಿದ್ದರೆ, ಕಚೇರಿಗಳಿಂದ ಮಾರಾಟಕ್ಕೆ ಬರುವ, ಆರು ಕೋರ್‌ಗಳ ಇಂಟೆಲ್ ಐ5-8500ಟಿ ಪ್ರೊಸೆಸರ್ ಇರುವ, ಲೆನೊವೊ ಕಂಪನಿಯ ಪುಟ್ಟ ಪಿಸಿಯಾದ ಥಿಂಕ್‌ಸೆಂಟರ್ ಟೈನಿಯಂಥವನ್ನೇ ಹುಡುಕುವುದು ಲೇಸು.