ಏಳನೇ ಡಬ್ಬಿಯೇ ಯಾಕೆ ಯಾವಾಗಲೂ ಲೀಡರ್? ದಾಳಿಂಬೆ ತೋಟದ ಸೆನ್ಸರ್ ಕಿಟ್, ಒಂದು ವರ್ಷದ ನಂತರ

ಕುಷ್ಟಗಿ ಹತ್ತಿರ ನಮ್ಮದು ನಾಲ್ಕು ಎಕರೆ ಭಗವಾ ದಾಳಿಂಬೆ. ಹೋದ ವರ್ಷ ಮಣ್ಣಿನ ತೇವ ಅಳೆಯುವ ವೈರ್‌ಲೆಸ್ ಕಿಟ್ ಹಾಕಿಸಿದೆವು. ಹನ್ನೆರಡು ಸೆನ್ಸರ್ ಡಬ್ಬಿ, ಪಂಪ್‌ಹೌಸ್ ಮೇಲೆ ಸಿಮ್ ಹಾಕಿದ ಒಂದು ಗೇಟ್‌ವೇ (ಡಬ್ಬಿಗಳ ಲೆಕ್ಕ ತಗೊಂಡು ಇಂಟರ್‌ನೆಟ್‌ಗೆ ಕಳಿಸುವ ಯಂತ್ರ), ಮೊಬೈಲ್‌ನಲ್ಲಿ ಆ್ಯಪ್. ಎಲ್ಲ ಸೇರಿ 62 ಸಾವಿರ. ಕಂಪನಿ ಹೆಸರು ಬರೆಯೋದಿಲ್ಲ, ಜಗಳ ಬೇಡ.

ಡಬ್ಬಿ ಗಟ್ಟಿ ಇದೆ, ಮಳೆಗೆ ಏನೂ ಆಗಿಲ್ಲ. ತಕರಾರು ಒಳಗಿನ ಲೆಕ್ಕದ್ದು.

ಎಲ್ಲಾ ಡಬ್ಬಿಗಳೂ ನೇರ ಗೇಟ್‌ವೇಗೆ ಕಳಿಸೋದಿಲ್ಲ. ದೂರ ಎರಡು ಪಟ್ಟಾದರೆ ರೇಡಿಯೋ ಸಿಗ್ನಲ್‌ಗೆ ಶಕ್ತಿ ಕಡಿಮೆ ಅಂದರೂ ನಾಲ್ಕು ಪಟ್ಟು ಬೇಕು, ಬ್ಯಾಟರಿ ಬೇಗ ಖಾಲಿ. ಅದಕ್ಕೆ ಅಕ್ಕಪಕ್ಕದವು ಗುಂಪು ಮಾಡಿಕೊಂಡು ಒಂದನ್ನು ಲೀಡರ್ ಮಾಡುತ್ತವೆ, ಅದು ಎಲ್ಲರ ಲೆಕ್ಕ ಕೂಡಿಸಿ ಕಳಿಸುತ್ತದೆ. 2000ರಲ್ಲಿ ಎಂಐಟಿಯ ವೆಂಡಿ ಹೈನ್ಜೆಲ್‌ಮನ್ ಮತ್ತು ಜೊತೆಗಾರರು ಹೇಳಿದ ಲೀಚ್ ವಿಧಾನದಲ್ಲಿ ಲೀಡರ್ ಆರಿಸೋದು ಚೀಟಿ ಎತ್ತಿದ ಹಾಗೆ, ಒಮ್ಮೆ ಲೀಡರ್ ಆದ ಡಬ್ಬಿಗೆ ಉಳಿದವರ ಸರದಿ ಮುಗಿಯೋವರೆಗೂ ಮತ್ತೆ ಪಾಳಿ ಇಲ್ಲ. ನಮ್ಮ ಕಿಟ್‌ನಲ್ಲಿ ಹಾಗಲ್ಲ. ಯಾರ ಬ್ಯಾಟರಿ ಜಾಸ್ತಿ ಅವರೇ ಲೀಡರ್. ಸರಿ, ಆದರೆ ಬ್ಯಾಟರಿ ಎಷ್ಟಿದೆ ಅಂತ ಹೇಳೋದು ಯಾರು? ಅದೇ ಡಬ್ಬಿ!

ನಮ್ಮ ಏಳನೇ ಡಬ್ಬಿಯಲ್ಲಿ ಬ್ಯಾಟರಿ ಅಳೆಯುವ ಭಾಗ ಕೆಟ್ಟು, ಯಾವಾಗ ಕೇಳಿದರೂ 100 ಅನ್ನುತ್ತಿತ್ತು. ನಿಜಕ್ಕೂ ಬ್ಯಾಟರಿ ಸೊರಗಿತ್ತು. ತನ್ನದೊಂದು ಸಣ್ಣ ಲೆಕ್ಕ ಹೇಗೋ ಕಳಿಸುತ್ತಿತ್ತು, ಆರು, ಎಂಟು, ಒಂಬತ್ತನೇ ಡಬ್ಬಿಗಳು ಕೊಟ್ಟಿದ್ದನ್ನೆಲ್ಲ ನುಂಗುತ್ತಿತ್ತು. ಆ್ಯಪ್ ಮಾತ್ರ ನಾಲ್ಕು ದಿನದ ಹಿಂದಿನ 31 ಶೇಕಡಾ ತೇವವನ್ನೇ ಹಸಿರು ಬಣ್ಣದಲ್ಲಿ ತೋರಿಸುತ್ತಾ ಕೂತಿತ್ತು. ಅಪ್ಪ ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಲು ನೋಡಿದರು. ಕಟ್ಟಲಿಲ್ಲ, ಬೆರಳ ಸಂದಿಯಿಂದ ಉದುರಿತು. "ತಮ್ಮಾ, ನಿನ್ನ ಮೊಬೈಲು ಹಸಿ ಅಂತೈತಿ, ನೆಲ ಒಣಗೈತಿ" ಅಂದರು. ಆ ರಾತ್ರಿ ತ್ರೀ ಫೇಸ್ ಬಂದ ತಕ್ಷಣ ಗಾಬರಿಯಲ್ಲಿ ಬೆಳಗಿನವರೆಗೂ ನೀರು ಬಿಟ್ಟೆ. ಅದು ನನ್ನ ತಪ್ಪೇ. ದಾಳಿಂಬೆಯನ್ನು ಒಣಗಿಸಿ ಒಮ್ಮೆಲೇ ನೀರು ಕೊಟ್ಟರೆ ಹಣ್ಣು ಸೀಳುತ್ತದೆ, ಸೀಳಿತು.

ಕಸ್ಟಮರ್ ಕೇರ್‌ನವರು ಮೊದಲು "ಸಿಗ್ನಲ್ ಪ್ರಾಬ್ಲಂ ಸರ್" ಅಂದರು. ಮೂರನೇ ಫೋನಿಗೆ ಸಿಕ್ಕ ಹುಡುಗ ಮಾತ್ರ ಸುಮ್ನೆ ಸಾಗಹಾಕದೆ ನಿಜ ಹೇಳಿ ಹೊಸ ಸಾಫ್ಟ್‌ವೇರ್ ಹಾಕಿಸಿದ. ಈಗ ಪ್ರತಿ ಡಬ್ಬಿಗೂ ನಂಬಿಕೆಯ ಸ್ಕೋರ್ ಇದೆ. ರೇಡಿಯೋ ಅಂದಮೇಲೆ ಪಕ್ಕದವರಿಗೂ ಕೇಳಿಸುತ್ತೆ ಅಲ್ವಾ, ಹಾಗಾಗಿ ಲೀಡರ್ ತಾವು ಕೊಟ್ಟಿದ್ದನ್ನು ಮುಂದೆ ಕಳಿಸಿತೋ ಇಲ್ಲವೋ ಅಂತ ಗುಂಪಿನವು ಕಿವಿಗೊಟ್ಟು ಎಣಿಸುತ್ತವೆ. ಕಳಿಸಿದ ಸಲಕ್ಕೆ ಒಂದು ಕೂಡಿಸಿ, ಒಟ್ಟು ಸಲಕ್ಕೆ ಎರಡು ಕೂಡಿಸಿ, ಭಾಗಿಸೋದು. ಹತ್ತರಲ್ಲಿ ಎಂಟು ಕಳಿಸಿದರೆ 0.75. ಹೊಸ ಡಬ್ಬಿಗೆ 0.5, ಅಂದರೆ ನಂಬೋದೂ ಇಲ್ಲ, ಅನುಮಾನವೂ ಇಲ್ಲ. ಏಳನೇದು ಒಂದೇ ದಿನದಲ್ಲಿ 0.1ಕ್ಕಿಂತ ಕೆಳಗೆ ಇಳಿದು ಲೀಡರ್ ಪಟ್ಟ ಕಳೆದುಕೊಂಡಿತು.

ಇದರಲ್ಲೂ ಕಿರಿಕಿರಿ ಇದೆ. ಮೂರನೇ ಡಬ್ಬಿ ದಟ್ಟ ಎಲೆಗಳ ಮಧ್ಯೆ ಇದೆ, ಪಾಪ ಸರಿಯಾಗಿಯೇ ಕಳಿಸುತ್ತದೆ, ಅಕ್ಕಪಕ್ಕದವಕ್ಕೆ ಕೇಳಿಸೋದಿಲ್ಲ. ಕಳ್ಳನ ಲೆಕ್ಕಕ್ಕೆ ಸೇರಿ 0.4 ಆಯ್ತು. ಜಿಐ ಪೈಪಿನ ಮೇಲೆ ಎರಡು ಅಡಿ ಎತ್ತರಿಸಿದ ಮೇಲೆ ಏರಿತು. ಇನ್ನೊಂದು, ಏಳನೇದಕ್ಕೆ ಕೆಟ್ಟ ಭಾಗ, ಬ್ಯಾಟರಿ ಎರಡೂ ಬದಲಿಸಿದರೂ ಹಳೇ ಕೆಟ್ಟ ಹೆಸರು ಹೋಗಲೇ ಇಲ್ಲ. ಹಳೆಯ ಎಣಿಕೆಯ ತೂಕ ದಿನ ಕಳೆದಂತೆ ಇಳಿಸುವ ವಿಧಾನಗಳಿವೆ, ಇವರು ಹಾಕಿಲ್ಲ. ಕೊನೆಗೆ ರೀಸೆಟ್ ಮಾಡಿಸಿದೆ.

ಐದಕ್ಕೆ ಮೂರು ಸ್ಟಾರ್. ತಗೊಳ್ಳೋರು ಸೆನ್ಸರ್ ಎಷ್ಟು ಆಳಕ್ಕೆ ಹೋಗುತ್ತೆ ಅಂತ ಕೇಳುವ ಮೊದಲು, ಡಬ್ಬಿ ಸುಳ್ಳು ಹೇಳಿದರೆ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿ. ಎರಡನೇ ವರ್ಷಕ್ಕೆ ಆ್ಯಪ್ ದುಡ್ಡು ಬೇರೆ ಕೇಳುತ್ತಿದ್ದಾರೆ. ಲೆಕ್ಕ ಯಾವಾಗಿನದು ಅಂತ ಪಕ್ಕದಲ್ಲಿ ಟೈಮ್ ತೋರಿಸೋವರೆಗೂ ಕಟ್ಟೋದಿಲ್ಲ ಅಂದಿದ್ದೇನೆ.