ಬರೀ ನೀರಲ್ಲಿ ಓಡೋ ಸೈಕ್ಲೋನ್, ಆರು ವರ್ಷ ಬಳಸಿದ್ಮೇಲೆ

ಕಲ್ಲಿದ್ದಲು ತೊಳೆಯೋ ವಾಷರಿಯಲ್ಲಿ ಫೈನ್ಸ್ (ಪುಡಿ) ಸೆಕ್ಷನ್ ನಂದು, 0.5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲಿದ್ದಲು ಪೂರ್ತಿ ನಮ್ಮ ಕಡೆನೇ ಬರೋದು. ಈ ವಾಟರ್ ಓನ್ಲಿ ಸೈಕ್ಲೋನ್ (ಬರೀ ನೀರಿನ ಸುತ್ತಾಟದಲ್ಲಿ ಕಲ್ಲಿದ್ದಲಿಂದ ಕಲ್ಲು ಬೇರೆ ಮಾಡೋ ಯಂತ್ರ) ಹಾಕಿ ಆರು ವರ್ಷ ಆಯ್ತು. ಹೊಸದ್ರಲ್ಲಿ ಕೇಳಿದ್ರೆ ಐದಕ್ಕೆ ಐದು ಕೊಡ್ತಿದ್ದೆ, ಈಗ ಮೂರೂವರೆ.

ಒಳ್ಳೇದು ಮೊದ್ಲು ಹೇಳ್ಬಿಡ್ತೀನಿ. ಮ್ಯಾಗ್ನೆಟೈಟ್ (ಭಾರದ ಕಬ್ಬಿಣದ ಅದಿರಿನ ಪುಡಿ) ಗೋಳು ಇಲ್ಲ. ನೀರಿಗೆ ಆ ಪುಡಿ ಬೆರೆಸಿ ಓಡಿಸೋ ಹೆವಿ ಮೀಡಿಯಾ ಸೈಕ್ಲೋನ್ ಇದಕ್ಕಿಂತ ಚೆನ್ನಾಗಿ ಬೇರೆ ಮಾಡುತ್ತೆ, ಒಪ್ತೀನಿ, ಆದ್ರೆ ಪುಡಿ ಕಲ್ಲಿದ್ದಲಿಗೆ ಅಂಟಿದ ಮ್ಯಾಗ್ನೆಟೈಟ್‌ನ ತೊಳೆದು ಮ್ಯಾಗ್ನೆಟಿಕ್ ಸೆಪರೇಟರ್‌ಗೆ ಕೊಟ್ಟು ವಾಪಸ್ ತಗೊಳ್ಳೋಷ್ಟರಲ್ಲಿ ಸಾಕಾಗಿಹೋಗುತ್ತೆ. ಇದ್ರಲ್ಲಿ ಒಂದು ಪಂಪ್ ಅಷ್ಟೇ, ಸೈಕ್ಲೋನ್ ಒಳಗೆ ತಿರುಗೋ ಪಾರ್ಟ್ ಒಂದೂ ಇಲ್ಲ. ಸ್ಲರಿ (ನೀರು-ಪುಡಿ ಮಿಶ್ರಣ) ಪಕ್ಕದಿಂದ ಜೋರಾಗಿ ನುಗ್ಗಿ ಗಿರಗಿರ ಸುತ್ತುತ್ತೆ, ಕೋನ್ ಅಗಲ ಇರೋದ್ರಿಂದ ಭಾರದ ಕಲ್ಲುಪುಡಿ ಅಲ್ಲೇ ಒಂದು ಪದರ ಕಟ್ಕೊಳ್ಳುತ್ತೆ, 1.3-1.4 ಸಾಂದ್ರತೆ ಇರೋ ಕಲ್ಲಿದ್ದಲಿಗೆ ಆ ಪದರ ದಾಟಕ್ಕಾಗದೆ ನಡುವಿನ ಸುಳಿ ಹಿಡ್ಕೊಂಡು ಮೇಲೆ ಹೋಗುತ್ತೆ, ಕಲ್ಲು ಕೆಳಗಿನ ಬಾಯಿ, ಅಂದ್ರೆ ಸ್ಪಿಗಾಟ್‌ನಿಂದ ಹೊರಗೆ. ಪೈರೈಟ್ (ಗಂಧಕ ಇರೋ ಖನಿಜ) ಸಾಂದ್ರತೆ 5ರ ಹತ್ರ, ಬಿಡಿಯಾಗಿದ್ರೆ ಚೆನ್ನಾಗಿ ಕೆಳಗೆ ಹೋಗುತ್ತೆ.

ಎರಡನೇ ವರ್ಷ ಏನಾಯ್ತು ಅಂದ್ರೆ, ಕ್ಲೀನ್ ಕೋಲ್ (ಮೇಲೆ ಬಂದ ಒಳ್ಳೆ ಕಲ್ಲಿದ್ದಲು) ಸುಟ್ಟಾಗ ಉಳಿಯೋ ಬೂದಿ ನಿಧಾನಕ್ಕೆ ಇಳೀತಾ ಬಂತು, ಲ್ಯಾಬ್ ರಿಪೋರ್ಟ್ ನೋಡಿ ಎಲ್ರಿಗೂ ಖುಷಿ, ಇಳುವರಿನೂ ಇಳೀತಿತ್ತು ಆದ್ರೆ ಅದನ್ನ ಗಣಿಯವರ ತಲೆಗೆ ಕಟ್ಟಿದ್ವಿ. ಶಟ್‌ಡೌನ್‌ನಲ್ಲಿ ಸ್ಪಿಗಾಟ್ ಬಿಚ್ಚಿ ಅಳೆದ್ರೆ ಸವೆದು ಸವೆದು ಬಾಯಿ ದೊಡ್ಡದಾಗಿತ್ತು! ಬಾಯಿ ದೊಡ್ಡದಾದ್ರೆ ಹೆಚ್ಚು ಮಾಲು ಕೆಳಗೆ ಹೋಗುತ್ತೆ, ಮೇಲೆ ಉಳಿಯೋದು ತೀರಾ ಹಗುರದ್ದು ಮಾತ್ರ, ಬೂದಿ ಕಮ್ಮಿ ಕಾಣದೆ ಇನ್ನೇನು. ರಿಜೆಕ್ಟ್ (ಕೆಳಗೆ ಹೋದ ಮಾಲು) ಸ್ಯಾಂಪಲ್‌ನ 1.6 ಸಾಂದ್ರತೆ ದ್ರಾವಣಕ್ಕೆ ಹಾಕಿ ನೋಡಿದ್ವಿ, ತೇಲ್ತಿದ್ದಿದ್ದು ನಮ್ದೇ ಒಳ್ಳೆ ಕಲ್ಲಿದ್ದಲು. ಅವತ್ತಿಂದ ನಾನು ಮೊದ್ಲು ನೋಡೋದು ರಿಜೆಕ್ಟ್ ರಿಪೋರ್ಟ್, ಅದರ ಬೂದಿ ಇಳಿದ್ರೆ ಸೀದಾ ಸ್ಪಿಗಾಟ್ ಹತ್ರ ಹೋಗ್ತೀನಿ.

ಉಲ್ಟಾನೂ ಆಗುತ್ತೆ. ಅಂಡರ್‌ಫ್ಲೋ (ಕೆಳಗಿಂದ ಬರೋ ಮಾಲು) ಛತ್ರಿ ಬಿಚ್ಚಿದ ಹಾಗೆ ಚದುರಿ ಬೀಳ್ಬೇಕು, ಹಗ್ಗದ ಥರ ಗಟ್ಟಿಯಾಗಿ ಇಳೀತಿದ್ರೆ ಸ್ಪಿಗಾಟ್ ಚಿಕ್ಕದಾಯ್ತು ಇಲ್ಲಾ ಲೋಡ್ ಜಾಸ್ತಿ ಆಯ್ತು ಅಂತ, ಆಗ ಕಲ್ಲು ಮೇಲೆ ಹತ್ತುತ್ತೆ. ಸಂಪ್ ಲೆವೆಲ್ ಇಳಿದು ಪಂಪ್ ಗಾಳಿ ಎಳ್ಕೊಂಡ್ರಂತೂ ಪ್ರೆಶರ್ ಕುಣಿಯುತ್ತೆ, ಎಲ್ಲಾ ಅಸ್ತವ್ಯಸ್ತ.

ಮಾರೋಕೆ ಬಂದವರು ಬೂದಿ ಎಲ್ಲಾ ಹೋಗುತ್ತೆ ಅಂದಿದ್ರು, ಸುಳ್ಳು. ಜೇಡಿಮಣ್ಣಿನ ನುಣುಪು ಕಣ ನೀರಿನ ಜೊತೆ ಮೇಲೇ ಹೋಗುತ್ತೆ, ನಾವು ಓವರ್‌ಫ್ಲೋಗೆ ಸೀವ್ ಬೆಂಡ್ (ಬಾಗಿದ ಜರಡಿ) ಹಾಕಿದ್ಮೇಲೇ ಪ್ರಾಡಕ್ಟ್ ಸರಿಹೋಗಿದ್ದು. 0.1 ಮಿಲಿಮೀಟರ್‌ಗಿಂತ ಸಣ್ಣದಕ್ಕೆ ಇದನ್ನ ನಂಬ್ಬೇಡಿ, ಫ್ಲೋಟೇಷನ್ನೇ (ಗಾಳಿ ಗುಳ್ಳೆಗೆ ಅಂಟಿಸಿ ಕಲ್ಲಿದ್ದಲು ತೇಲಿಸೋದು) ಬೇಕು. ಕಲ್ಲಿದ್ದಲಿನ ಕಣದೊಳಗೇ ಬೆರೆತಿರೋ ಬೂದಿ, ಆರ್ಗ್ಯಾನಿಕ್ ಸಲ್ಫರ್ (ಕಲ್ಲಿದ್ದಲಿನ ರಚನೆಯಲ್ಲೇ ಸೇರಿರೋ ಗಂಧಕ) ಇವನ್ನ ಯಾವ ಸೈಕ್ಲೋನೂ ತೆಗೆಯಲ್ಲ.

ತಗೊಳ್ಳೋದಾದ್ರೆ ಅಲ್ಯೂಮಿನಾ ಸೆರಾಮಿಕ್ ಲೈನಿಂಗ್ ಇರೋದೇ ತಗೊಳ್ಳಿ, ಸ್ಪಿಗಾಟ್ ಕಡೇಪಕ್ಷ ಎರಡು ಸ್ಟೋರಲ್ಲಿ ಇಟ್ಕೊಳ್ಳಿ. ಹೇಳ್ತಿರೋ ನನ್ ಹತ್ರಾನೇ ಈಗ ಒಂದೂ ಇಲ್ಲ, ಇಂಡೆಂಟ್ ಹಾಕಿ ಕೂತಿದೀನಿ.